ಪೀಟ್ ತೆಗೆದ ನೆಲದಲ್ಲಿ ವಿಂಡ್ ಫಾರ್ಮ್ ಕಟ್ಟುವುದು ಹೇಗೆ: ಮೊದಲು ನೀರು, ಆಮೇಲೆ ನೆಲ, ಕೊನೆಗೆ ಟರ್ಬೈನ್

ಐರ್ಲೆಂಡಿನ ಮಧ್ಯಭಾಗದಲ್ಲಿ, ಅದರಲ್ಲೂ ಆಫಲಿ ಕೌಂಟಿಯಲ್ಲಿ, ದಶಕಗಳ ಕಾಲ ಪೀಟ್ ಎಂಬ ಜೌಗಿನ ಉರುವಲು ಕೆರೆದು ಸುಟ್ಟ ಸಾವಿರಾರು ಹೆಕ್ಟೇರ್ ಜೌಗು ನೆಲ ಈಗ ಖಾಲಿ ಬಿದ್ದಿದೆ. ಸರ್ಕಾರಿ ಸಂಸ್ಥೆ ಬೋರ್ಡ್ ನ ಮೋನಾ 2021ರ ಜನವರಿಯಲ್ಲಿ ಪೀಟ್ ತೆಗೆಯುವುದನ್ನು ಅಧಿಕೃತವಾಗಿ ನಿಲ್ಲಿಸಿತು. ಮೌಂಟ್‌ಲೂಕಸ್‌ನಲ್ಲಿ 28 ಟರ್ಬೈನ್‌ಗಳ 84 ಮೆಗಾವ್ಯಾಟ್ ಸ್ಥಾವರ 2014ರಿಂದ ಇಂಥದೇ ನೆಲದ ಮೇಲೆ ನಡೆಯುತ್ತಿದೆ. ಕೆಲಸ ಆಗುತ್ತದೆ ಅನ್ನುವುದರಲ್ಲಿ ಅನುಮಾನವಿಲ್ಲ. ಆದರೂ ಹೊಸದಾಗಿ ಕೈಹಾಕುವವರು ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಾರೆ. ಗಾಳಿ ನೋಡಿ ಟರ್ಬೈನ್ ಜಾಗ ಗುರುತು ಮಾಡುತ್ತಾರೆ, ಆಮೇಲೆ ನೆಲ ಪರೀಕ್ಷೆಗೆ ಹೋಗುತ್ತಾರೆ, ನೀರಿನ ವಿಚಾರ ಕೊನೆಗೆ ಬರುತ್ತದೆ. ಆ ಹೊತ್ತಿಗೆ ಅರ್ಧ ಡ್ರಾಯಿಂಗ್ ಬದಲಾಯಿಸಬೇಕಾಗಿರುತ್ತದೆ.

ಐರ್ಲೆಂಡಿನಲ್ಲಿ ಈ ಕೆಲಸದಲ್ಲಿರುವ ಕನ್ನಡಿಗ ಎಂಜಿನಿಯರ್‌ಗಳಿಗೆ, ಬೆಂಗಳೂರಿನಲ್ಲಿ ಕೂತು ಯುರೋಪಿನ ಸ್ಥಾವರಗಳ ವಿನ್ಯಾಸ ಮಾಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಚಿತ್ರದುರ್ಗದ ಗುಡ್ಡದ ಮೇಲೆ ಬಂಡೆ ಕೈಗೆ ಸಿಗುತ್ತದೆ. ಗದಗದ ಎರೆ ಮಣ್ಣು ಕಷ್ಟ ಕೊಟ್ಟರೂ ಅದು ಮಣ್ಣೇ. ಪೀಟ್ ಹಾಗಲ್ಲ. ಅದು ಪೂರ್ತಿ ಕೊಳೆಯದೆ ಉಳಿದ ಗಿಡಗಳ ರಾಶಿ, ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. ಅಲ್ಲಿಯ ಅನುಭವವನ್ನು ಸುಮ್ನೆ ಇಲ್ಲಿಗೆ ತಂದರೆ ನಡೆಯುವುದಿಲ್ಲ.

## ಬೇಕಾಗುವ ಸಲಕರಣೆ ಮತ್ತು ಜನ

ಪೀಟ್ ಆಳ ನೋಡುವ ಜೋಡಿಸಬಹುದಾದ ಸಲಾಕೆ, ನಿಖರ ಜಿಪಿಎಸ್, ಪೀಟ್ ಮಾದರಿ ತೆಗೆಯುವ ಕೈ ಕೋರರ್, ಪೀಟ್ ಜಾರದೆ ತಡೆಯುವ ಬಲ (ಕತ್ತರಿ ಬಲ) ಅಳೆಯುವ ಶಿಯರ್ ವೇನ್, ಅಂತರ್ಜಲ ಮಟ್ಟ ದಾಖಲಿಸುವ ಪೀಜೋಮೀಟರ್, ವಿಮಾನದಿಂದ ಲೇಸರ್ ಬಿಟ್ಟು ನೆಲದ ಎತ್ತರ ಅಳೆದ ಲೈಡಾರ್ ನಕ್ಷೆ, ಬಂಡೆವರೆಗೆ ಕೊರೆಯುವ ರೋಟರಿ ರಿಗ್. ಜನರಲ್ಲಿ ಪೀಟ್ ಮೇಲೆ ಕೆಲಸ ಮಾಡಿ ಗೊತ್ತಿರುವ ಭೂತಂತ್ರ ಎಂಜಿನಿಯರ್, ಜಲತಜ್ಞ, ಪರಿಸರ ತಜ್ಞ, ಪುರಾತತ್ವ ತಜ್ಞ ಬೇಕು. ಹಳೆಯ ಪೀಟ್ ಕೆಲಸಗಾರರೊಬ್ಬರು ಸಿಕ್ಕರೆ ಬಿಡಬೇಡಿ. ಯಾವ ಪಂಪ್ ಯಾವ ಚಳಿಗಾಲದಲ್ಲಿ ಸೋತಿತು, ಯಾವ ಮೂಲೆಯಲ್ಲಿ ಟ್ರ್ಯಾಕ್ಟರ್ ಹೂತುಹೋಯಿತು ಎಂಬುದು ಅವರಿಗೆ ಗೊತ್ತಿರುತ್ತದೆ. ಇದು ಯಾವ ನಕ್ಷೆಯಲ್ಲೂ ಇರುವುದಿಲ್ಲ.

## ಹಂತ 1: ಪಂಪ್ ನಿಂತರೆ ನೀರು ಎಲ್ಲಿ ನಿಲ್ಲುತ್ತದೆ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಪೀಟ್ ತೆಗೆಯಲು ಆ ನೆಲವನ್ನು ಒಣಗಿಸಿದ್ದರು. ಸುಮಾರು 15 ಮೀಟರ್‌ಗೊಂದು ಬಸಿಗಾಲುವೆ, ಅವೆಲ್ಲ ಸೇರುವ ದೊಡ್ಡ ಕಾಲುವೆ, ಅಲ್ಲಿಂದ ಹೂಳು ಹೊಂಡ, ಆಮೇಲೆ ಹಳ್ಳ. ಪೀಟ್ ತೆಗೆದು ತೆಗೆದು ನೆಲ ಪಕ್ಕದ ನದಿಗಿಂತ ಕೆಳಗೆ ಇಳಿದ ಕಡೆ ಪಂಪ್ ಇಟ್ಟಿರುತ್ತಾರೆ. ನೀವು ಬೇಸಿಗೆಯಲ್ಲಿ ಹೋಗಿ ನೋಡಿದಾಗ ಕಾಣುವ ಒಣ ಮೈದಾನ ಈ ಪಂಪ್‌ಗಳ ಪುಣ್ಯ.

ಪಂಪ್ ನಿಲ್ಲಿಸಿದರೆ ಏನಾಗುತ್ತದೆ ಎಂದು ನೋಡಬೇಕೆಂದರೆ ಆಫಲಿಯ ಲಾಕ್ ಬೂರಾಕ್ಕೆ ಹೋಗಿ. ಪೀಟ್ ತೆಗೆದ ಹೊಲಗಳು ಅಲ್ಲಿ ಈಗ ಕೆರೆಗಳಾಗಿವೆ.

ಹೀಗೆ ಮಾಡಿ. ಲೈಡಾರ್ ನಕ್ಷೆಯ ಮೇಲೆ ಎಲ್ಲ ಬಸಿಗಾಲುವೆ, ಪೈಪು, ಪಂಪ್, ಹೂಳು ಹೊಂಡ ಗುರುತಿಸಿ. ಪಂಪ್ ಇಲ್ಲದ ಸ್ಥಿತಿಯಲ್ಲಿ, ಚಳಿಗಾಲದ ಜೋರು ಮಳೆಯಲ್ಲಿ ನೀರು ಯಾವ ಮಟ್ಟಕ್ಕೆ ಏರುತ್ತದೆ ಎಂದು ಲೆಕ್ಕ ಹಾಕಿಸಿ. ಪೀಜೋಮೀಟರ್‌ಗಳನ್ನು ಈಗಲೇ ನೆಡಿ. ಕನಿಷ್ಠ ಒಂದು ಪೂರ್ತಿ ಚಳಿಗಾಲದ ದಾಖಲೆ ಕೈಯಲ್ಲಿರಬೇಕು. ಈ ಹಂತದಲ್ಲಿ ಸಿಗುವ ಒಂದು ಅಂಕಿ, ಅಂದರೆ "ಮುಂದಿನ ನೀರಿನ ಮಟ್ಟ", ನಿಮ್ಮ ರಸ್ತೆಯ ಎತ್ತರ, ಪಾಯದ ತೂಕ, ಸಬ್‌ಸ್ಟೇಷನ್ ಜಾಗ ಎಲ್ಲವನ್ನೂ ತೀರ್ಮಾನಿಸುತ್ತದೆ.

ಸಾಮಾನ್ಯ ತಪ್ಪು: ಇವತ್ತಿನ ನೀರಿನ ಮಟ್ಟಕ್ಕೆ ವಿನ್ಯಾಸ ಮಾಡುವುದು. ಸ್ಥಾವರ 30 ವರ್ಷ ನಡೆಯಬೇಕು. ಪೀಟ್ ಕಂಪನಿಯ ಪಂಪ್ ಅಷ್ಟು ವರ್ಷ ಓಡುತ್ತದೆ ಎಂದು ಯಾರೂ ಬರೆದುಕೊಟ್ಟಿರುವುದಿಲ್ಲ.

## ಹಂತ 2: ನೆಲದ ಹಕ್ಕು ಮತ್ತು ಹಳೆಯ ಅನುಮತಿಗಳು

ಇದು ವಕೀಲರ ಕೆಲಸ. ಆದರೆ ಮೊದಲ ತಿಂಗಳಲ್ಲೇ ಶುರುವಾಗಲಿ. ಎರಡು ವಿಷಯ ನೋಡಿಸಿ.

ಒಂದು, ಅಂಚಿನ ಹಕ್ಕುಗಳು. ಐರ್ಲೆಂಡಿನಲ್ಲಿ ಸುತ್ತಲಿನ ಮನೆಯವರಿಗೆ ಒಲೆಗಾಗಿ ಪೀಟ್ ಕಡಿದುಕೊಳ್ಳುವ ಹಕ್ಕು ತಲೆಮಾರುಗಳಿಂದ ಬಂದಿರುತ್ತದೆ. ಅದಕ್ಕೆ ಟರ್ಬರಿ ಹಕ್ಕು ಎನ್ನುತ್ತಾರೆ. ನಿಮ್ಮ ರಸ್ತೆ ಆ ತುಂಡುಗಳನ್ನು ದಾಟಿದರೆ ಪ್ರತಿಯೊಬ್ಬರ ಜೊತೆ ಕೂತು ಮಾತಾಡಬೇಕು.

ಎರಡು, ಹಿಂದೆ ನಡೆದ ಪೀಟ್ ತೆಗೆತಕ್ಕೇ ಅನುಮತಿ ಇತ್ತಾ ಎಂಬ ಪ್ರಶ್ನೆ. 30 ಹೆಕ್ಟೇರ್‌ಗಿಂತ ದೊಡ್ಡ ಜಾಗದಲ್ಲಿ ಪೀಟ್ ತೆಗೆಯಲು ಯೋಜನಾ ಅನುಮತಿ ಬೇಕೆಂಬ ನಿಯಮವನ್ನು ಸಡಿಲಿಸಲು ಸರ್ಕಾರ ಮಾಡಿದ ಪ್ರಯತ್ನವನ್ನು ಐರಿಷ್ ಹೈಕೋರ್ಟ್ 2019ರಲ್ಲಿ ರದ್ದು ಮಾಡಿತು. ಹಳೆಯ ಕೆಲಸ ಕಾನೂನುಬದ್ಧವಾಗಿರದಿದ್ದರೆ ಅದರ ಮೇಲೆ ನಿಂತ ನಿಮ್ಮ ಪರಿಸರ ವರದಿಯನ್ನೂ ಕೋರ್ಟಿನಲ್ಲಿ ಪ್ರಶ್ನಿಸಬಹುದು.

## ಹಂತ 3: ಪೀಟ್ ಆಳ ಮತ್ತು ಬಲ ಅಳೆಯುವುದು

ಪೀಟ್ ತೆಗೆದ ಮೇಲೆ ಉಳಿದ ಪದರ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಒಂದು ಕಡೆ ಮೊಣಕಾಲುದ್ದ, ನೂರು ಮೀಟರ್ ಆಚೆ ಆಳಿಗಿಂತ ಆಳ. ಮೇಲ್ಮೈ ಮಾತ್ರ ಸಮತಟ್ಟಾಗಿ ಕಾಣುತ್ತದೆ. ಅದೇ ಮೋಸ.

ಅಳತೆಯನ್ನು ಎರಡು ಸುತ್ತಿನಲ್ಲಿ ಮಾಡಿ. ಸ್ಕಾಟ್ಲೆಂಡಿನ ಮಾರ್ಗಸೂಚಿಯ ಪದ್ಧತಿಯನ್ನು ಐರ್ಲೆಂಡಿನಲ್ಲೂ ಅನುಸರಿಸುತ್ತಾರೆ. ಮೊದಲ ಸುತ್ತಿನಲ್ಲಿ ಇಡೀ ಜಾಗಕ್ಕೆ 100 ಮೀಟರ್ ಚೌಕಾಕಾರದಲ್ಲಿ ಸಲಾಕೆ ಇಳಿಸಿ. ಲೇಔಟ್ (ಟರ್ಬೈನ್, ರಸ್ತೆ ಎಲ್ಲಿ ಎಂಬ ನಕ್ಷೆ) ಕರಡು ಆದ ಮೇಲೆ ಎರಡನೇ ಸುತ್ತು. ಟರ್ಬೈನ್ ಜಾಗ ಮತ್ತು ಕ್ರೇನ್ ನಿಲ್ಲುವ ಜಾಗದಲ್ಲಿ 10 ಮೀಟರ್‌ಗೊಂದು. ರಸ್ತೆಯುದ್ದಕ್ಕೆ 50 ಮೀಟರ್‌ಗೊಂದು, ಜೊತೆಗೆ ಎರಡೂ ಬದಿ 10 ಮೀಟರ್ ದೂರದಲ್ಲಿ.

ಸಲಾಕೆ ನಿಂತ ಕಡೆ ಪೀಟ್ ಮುಗಿಯಿತು ಅಂದುಕೊಳ್ಳಬೇಡಿ. ಐರ್ಲೆಂಡಿನ ಮಧ್ಯಭಾಗದಲ್ಲಿ ಪೀಟ್ ಕೆಳಗೆ ಹಳೆಯ ಕೆರೆಯ ತಳ ಇರುತ್ತದೆ. ಬಿಳಿ ಸುಣ್ಣದ ಕೆಸರು, ಮೆತ್ತನೆ ಜೇಡಿ, ಅದರ ಕೆಳಗೆ ಹಿಮನದಿ ತಂದು ಹಾಕಿದ ಕಲ್ಲುಮಣ್ಣು, ಕೊನೆಗೆ ಸುಣ್ಣಕಲ್ಲಿನ ಬಂಡೆ. ಸುಣ್ಣದ ಕೆಸರು ಪೀಟ್‌ಗಿಂತ ಗಟ್ಟಿ ಅನಿಸಿದರೂ ಭಾರ ಹೊರುವುದಿಲ್ಲ. ಸಲಾಕೆಗೆ ಸಿಕ್ಕುವ ಹಳೆಯ ಮರದ ಬೊಡ್ಡೆಯೂ ಹೀಗೇ ತಪ್ಪು ದಾರಿ ಹಿಡಿಸುತ್ತದೆ. ಹಾಗಾಗಿ ಅಲ್ಲಲ್ಲಿ ಕೋರರ್ ಇಳಿಸಿ ಮಾದರಿಯನ್ನು ಕಣ್ಣಾರೆ ನೋಡಿ. ಪ್ರತಿ ಟರ್ಬೈನ್ ಜಾಗದಲ್ಲೂ ಬಂಡೆಯೊಳಗೆ ಹೋಗುವಂತೆ ಬೋರ್ ಕೊರೆಸಿ. ಸುಣ್ಣಕಲ್ಲಿನಲ್ಲಿ ನೀರು ಕೊರೆದ ಪೊಳ್ಳುಗಳಿರಬಹುದು. ಒಂದು ಪೊಳ್ಳು ಸಿಕ್ಕರೆ ಸುತ್ತ ಇನ್ನೂ ಕೊರೆಸಿ.

ಪೀಟ್ ಎಷ್ಟು ಕೊಳೆತಿದೆ ಎಂಬುದನ್ನು ವಾನ್ ಪೋಸ್ಟ್ ಮಾಪಕದಲ್ಲಿ ಬರೆಯುತ್ತಾರೆ, ಎಚ್1ರಿಂದ ಎಚ್10ರವರೆಗೆ. ಮುಷ್ಟಿಯಲ್ಲಿ ಹಿಂಡಿದಾಗ ತಿಳಿ ನೀರು ಬಂದರೆ ಎಚ್1. ಪೀಟ್ ಪೂರ್ತಿ ಬೆರಳ ಸಂದಿಯಿಂದ ಜಾರಿ ಬಂದರೆ ಎಚ್10. ತೆಗೆದು ಉಳಿದ ನೆಲದಲ್ಲಿ ನಿಮಗೆ ಸಿಗುವುದು ತಳದ, ಜಾಸ್ತಿ ಕೊಳೆತ ಪದರವೇ. ಶಿಯರ್ ವೇನ್ ಅಂಕಿಯನ್ನು ಹಾಗೇ ನಂಬಬೇಡಿ. ನಾರು ಇರುವ ಪೀಟ್‌ನಲ್ಲಿ ನಾರು ರೆಕ್ಕೆಗೆ ಸುತ್ತಿಕೊಂಡು ಬಲ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಇಳಿಜಾರು ಕಡಿಮೆ ಇದ್ದರೂ ಕುಸಿತದ ಲೆಕ್ಕ ಬಿಡುವಂತಿಲ್ಲ. ಸುರಕ್ಷತಾ ಗುಣಕ (ಜಾರಿಸುವ ಬಲದ ಎಷ್ಟು ಪಟ್ಟು ಬಲದಿಂದ ನೆಲ ತಡೆಯುತ್ತದೆ ಎಂಬ ಅಂಕಿ) 1.3ಕ್ಕಿಂತ ಕಡಿಮೆ ಬಂದ ಜಾಗದಲ್ಲಿ ಏನನ್ನೂ ಕಟ್ಟಬೇಡಿ. ಈ ಲೆಕ್ಕವನ್ನು ಖಾಲಿ ನೆಲಕ್ಕೆ ಮಾತ್ರವಲ್ಲ, ಮೇಲೆ ಒಂದು ಮೀಟರ್ ಪೀಟ್ ರಾಶಿ ಹಾಕಿದ ಸ್ಥಿತಿಗೂ ಮಾಡಿಸಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, 2003ರ ಅಕ್ಟೋಬರ್‌ನಲ್ಲಿ ಗಾಲ್ವೇ ಕೌಂಟಿಯ ಡೆರಿಬ್ರಾಯನ್‌ನಲ್ಲಿ ವಿಂಡ್ ಫಾರ್ಮ್ ಕಟ್ಟುವಾಗಲೇ ಬೆಟ್ಟದ ಪೀಟ್ ಜಾರಿತು. ಸುಮಾರು 4.5 ಲಕ್ಷ ಘನ ಮೀಟರ್. ನದಿಯ ಮೀನುಗಳು ರಾಶಿ ರಾಶಿ ಸತ್ತವು. ಪರಿಸರ ಪರಿಣಾಮದ ಅಧ್ಯಯನ ಸರಿಯಾಗಿ ಆಗಿರಲಿಲ್ಲ ಎಂದು ಐರೋಪ್ಯ ನ್ಯಾಯಾಲಯ 2008ರಲ್ಲಿ ಹೇಳಿತು. 2019ರಲ್ಲಿ ಐರ್ಲೆಂಡಿಗೆ 50 ಲಕ್ಷ ಯೂರೋ ದಂಡ, ಜೊತೆಗೆ ದಿನಕ್ಕೆ 15,000 ಯೂರೋ ಹಾಕಿತು. ಅಲ್ಲಿ ಆಗಲೇ ಕಟ್ಟಿದ್ದ 70 ಟರ್ಬೈನ್‌ಗಳಿಗೆ 2022ರಲ್ಲಿ ಅನುಮತಿಯೇ ಸಿಗಲಿಲ್ಲ. ಅದು ಬೆಟ್ಟದ ಮೇಲಿನ ಜೌಗು, ಪೀಟ್ ತೆಗೆದ ಮೈದಾನ ಅದಕ್ಕಿಂತ ಸುರಕ್ಷಿತ, ನಿಜ. ಆದರೆ ಮೈದಾನದಲ್ಲೂ ಆಳದ ಬಸಿಗಾಲುವೆಯ ದಡ, ಪೀಟ್ ಕಡಿದ ನೆಟ್ಟನೆ ಗೋಡೆ ಇರುತ್ತವೆ. ಅಂಥ ಅಂಚಿನಲ್ಲಿ ಭಾರ ಹಾಕಿದರೆ ಅಲ್ಲೂ ಜಾರುತ್ತದೆ.

## ಹಂತ 4: ಹಕ್ಕಿಗಳು ಮತ್ತು ನೆಲದಡಿಯ ಮರದ ದಾರಿಗಳು

ಈ ಹಂತ ಮೂರನೆಯದರ ಜೊತೆಯಲ್ಲೇ ನಡೆಯಬೇಕು. ಹಕ್ಕಿಗಳ ಸಮೀಕ್ಷೆಗೆ ಸಾಮಾನ್ಯವಾಗಿ ಎರಡು ವರ್ಷ ಹಿಡಿಯುತ್ತದೆ. ಎತ್ತರದ ಜಾಗದಲ್ಲಿ ಕೂತು ಹಾರಾಟ ನೋಡುವ ಪದ್ಧತಿಯಲ್ಲಿ ಪ್ರತಿ ಜಾಗಕ್ಕೆ ಒಂದು ಋತುವಿಗೆ ಕನಿಷ್ಠ 36 ಗಂಟೆ ಬೇಕು. ಹೆನ್ ಹ್ಯಾರಿಯರ್, ಕರ್ಲ್ಯೂ, ಚಳಿಗಾಲಕ್ಕೆ ಬರುವ ಹೂಪರ್ ಹಂಸ ಇವುಗಳ ಮೇಲೆ ಹೆಚ್ಚು ಗಮನವಿರಲಿ. ಒಂದು ಋತು ತಪ್ಪಿದರೆ ಒಂದು ವರ್ಷ ಹೋದಂತೆ. ಗಿಡಗಂಟಿ ಕಡಿಯುವುದಕ್ಕೆ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ನಿರ್ಬಂಧ ಇದೆ ಎಂಬುದೂ ವೇಳಾಪಟ್ಟಿಯಲ್ಲಿ ಸೇರಲಿ.

ಪೀಟ್ ಒಳಗೆ ಆಮ್ಲಜನಕ ಇಲ್ಲ, ಹಾಗಾಗಿ ಮರ ಕೊಳೆಯುವುದಿಲ್ಲ. ಲಾಂಗ್‌ಫರ್ಡ್ ಕೌಂಟಿಯ ಕೋರ್ಲಿಯಾದಲ್ಲಿ ಸಿಕ್ಕ ಓಕ್ ಮರದ ದಾರಿ ಕ್ರಿ.ಪೂ. 148ರದ್ದು. ಇಂಥ ದಾರಿಗಳು ನಿಮ್ಮ ಜಾಗದಲ್ಲೂ ಇರಬಹುದು. ಬಸಿಗಾಲುವೆಗಳ ಬದಿಯನ್ನು ಪುರಾತತ್ವ ತಜ್ಞರು ನಡೆದು ನೋಡಲಿ. ಅಗೆಯುವಾಗಲೂ ಅವರು ಪಕ್ಕದಲ್ಲಿರಲಿ. ಸಾಲಾಗಿ ಜೋಡಿಸಿದ ಹಲಗೆ, ಹೆಣೆದ ಕಡ್ಡಿ, ಚೂಪು ಮಾಡಿದ ಗೂಟ ಕಂಡರೆ ಯಂತ್ರ ಅಲ್ಲೇ ನಿಲ್ಲಬೇಕು.

## ಹಂತ 5: ಈಗ ಲೇಔಟ್

ಗಾಳಿ ಅಳತೆ ಇಷ್ಟೊತ್ತಿಗೆ ಒಂದು ವರ್ಷ ಆಗಿರಬೇಕು. ಗಾಳಿ ಅಳೆಯುವ ಕಂಬ (ಮಾಸ್ಟ್) ಅಥವಾ ನೆಲದಿಂದ ಲೇಸರ್‌ನಲ್ಲಿ ಗಾಳಿ ಅಳೆಯುವ ಲೈಡಾರ್ ಅನ್ನು ಮೊದಲೇ ನೆಟ್ಟಿರಬೇಕು. ಈಗ ನಕ್ಷೆಯ ಮೇಲೆ ಬೇಡದ ಜಾಗಗಳನ್ನು ಒಂದೊಂದಾಗಿ ತೆಗೆದುಹಾಕಿ: ನೀರು ನಿಲ್ಲುವ ತಗ್ಗು, ಆಳದ ಪೀಟ್, ಕುಸಿತದ ಅಪಾಯ, ಹಕ್ಕಿಗಳ ಜಾಗ, ಹಳೆಯ ದಾರಿ, ಮನೆಗಳಿಂದ ಬಿಡಬೇಕಾದ ದೂರ. 2019ರ ಕರಡು ಮಾರ್ಗಸೂಚಿ ಪ್ರಕಾರ ಮನೆಯಿಂದ ದೂರ ಟರ್ಬೈನ್ ತುದಿಯ ಎತ್ತರದ ನಾಲ್ಕು ಪಟ್ಟು, 500 ಮೀಟರ್‌ಗಿಂತ ಕಡಿಮೆ ಇರಬಾರದು. ತುದಿ 185 ಮೀಟರ್ ಅಂದರೆ 740 ಮೀಟರ್.

ಉಳಿದ ಜಾಗದಲ್ಲಿ ಗಾಳಿ ಹುಡುಕಿ. ಬೀಸುವ ದಿಕ್ಕಿನಲ್ಲಿ ಟರ್ಬೈನ್‌ಗಳ ನಡುವೆ ರೋಟರ್ ವ್ಯಾಸದ ಐದರಿಂದ ಏಳು ಪಟ್ಟು ಅಂತರ ಸಾಮಾನ್ಯ. ಐರ್ಲೆಂಡಿನಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ. ಒಂದು ಟರ್ಬೈನ್ ಅನ್ನು 60 ಮೀಟರ್ ಸರಿಸಿದರೆ ವಿದ್ಯುತ್ ನಷ್ಟ ಅತ್ಯಲ್ಪ. ಆದರೆ ಪೀಟ್ ಆಳ ನಾಲ್ಕು ಮೀಟರ್‌ನಿಂದ ಒಂದಕ್ಕೆ ಇಳಿಯಬಹುದು. ಗಾಳಿ ತಜ್ಞರು ಒಪ್ಪದಿದ್ದರೆ ಎರಡೂ ಕಡೆಯ ದುಡ್ಡಿನ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ತೋರಿಸಿ.

## ಹಂತ 6: ಅನುಮತಿ ಮತ್ತು ಗ್ರಿಡ್

25ಕ್ಕಿಂತ ಹೆಚ್ಚು ಟರ್ಬೈನ್ ಅಥವಾ 50 ಮೆಗಾವ್ಯಾಟ್‌ಗಿಂತ ಹೆಚ್ಚು ಸಾಮರ್ಥ್ಯ ಇದ್ದರೆ ಅರ್ಜಿ ಕೌಂಟಿ ಕೌನ್ಸಿಲ್‌ಗೆ ಅಲ್ಲ, ನೇರ ರಾಷ್ಟ್ರೀಯ ಯೋಜನಾ ಆಯೋಗಕ್ಕೆ. ಪರಿಸರ ಪರಿಣಾಮ ವರದಿಯಲ್ಲಿ ಕೇಬಲ್ ಮಾರ್ಗ, ಟರ್ಬೈನ್ ಬರುವ ಹೆದ್ದಾರಿ ಬದಲಾವಣೆ, ಕಲ್ಲು ತೆಗೆಯುವ ಕ್ವಾರಿ, ಮುಂದಿನ ನೀರು ತುಂಬಿಸುವ ಯೋಜನೆ ಎಲ್ಲವೂ ಒಟ್ಟಿಗೆ ಇರಲಿ. ತುಂಡು ತುಂಡಾಗಿ ತೋರಿಸಿದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಶಾನನ್‌ಬ್ರಿಜ್ ಮತ್ತು ಲೇನ್ಸ್‌ಬರೋ ಪೀಟ್ ವಿದ್ಯುತ್ ಸ್ಥಾವರಗಳು 2020ರ ಕೊನೆಗೆ ಮುಚ್ಚಿದವು. ಅವುಗಳ ವಿದ್ಯುತ್ ಲೈನ್ ಹತ್ತಿರದಲ್ಲೇ ಇದೆ, ಅದರಲ್ಲಿ ಜಾಗ ಸಿಕ್ಕೇ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಗ್ರಿಡ್ ನಡೆಸುವ ಏರ್‌ಗ್ರಿಡ್‌ನಿಂದ ಬರಹದಲ್ಲಿ ಒಪ್ಪಿಗೆ ಬರುವವರೆಗೆ ಟರ್ಬೈನ್‌ಗೆ ಮುಂಗಡ ಕೊಡಬೇಡಿ.

ಊರಿನವರ ಜೊತೆ ಮಾತು ಅರ್ಜಿಗಿಂತ ಮೊದಲೇ ಆಗಲಿ. ಸರ್ಕಾರಿ ಹರಾಜಿನ ಬೆಂಬಲ ಪಡೆದ ಸ್ಥಾವರ ಪ್ರತಿ ಮೆಗಾವ್ಯಾಟ್ ಅವರ್‌ಗೆ 2 ಯೂರೋ ಸ್ಥಳೀಯ ನಿಧಿಗೆ ಕೊಡಬೇಕು. 100 ಮೆಗಾವ್ಯಾಟ್ ಸ್ಥಾವರ ಮೂರನೇ ಒಂದು ಭಾಗ ಸಾಮರ್ಥ್ಯದಲ್ಲಿ ನಡೆದರೆ ವರ್ಷಕ್ಕೆ ಸುಮಾರು 5.8 ಲಕ್ಷ ಯೂರೋ. ಪೀಟ್ ಕೆಲಸ ಹೋದ ಊರುಗಳಿಗೆ ಇದು ಸಣ್ಣ ಮಾತಲ್ಲ.

## ಹಂತ 7: ರಸ್ತೆ

ಪೀಟ್ ಒಂದು ಮೀಟರ್‌ಗಿಂತ ಕಡಿಮೆ ಇದ್ದರೆ ಅಗೆದು ತೆಗೆದು, ಗಟ್ಟಿ ನೆಲದ ಮೇಲೆ ಜಲ್ಲಿ ತುಂಬಿ. ಅದಕ್ಕಿಂತ ಆಳ ಇದ್ದು ನೆಲ ಸಮತಟ್ಟಾಗಿದ್ದರೆ ತೇಲುವ ರಸ್ತೆ. ಪೀಟ್ ಮೇಲೆ ಜಿಯೋಟೆಕ್ಸ್‌ಟೈಲ್ (ನೀರು ಬಿಡುವ ಗಟ್ಟಿ ಬಟ್ಟೆ), ಅದರ ಮೇಲೆ ಜಿಯೋಗ್ರಿಡ್ (ಭಾರ ಹರಡುವ ಗಟ್ಟಿ ಜಾಲರಿ), ಅದರ ಮೇಲೆ ಜಲ್ಲಿ. ಬೇಕಾದರೆ ಮತ್ತೊಂದು ಜಿಯೋಗ್ರಿಡ್, ಮತ್ತೆ ಜಲ್ಲಿ. ರಸ್ತೆ ತೆಪ್ಪದ ಹಾಗೆ ಪೀಟ್ ಮೇಲೆ ಕೂರುತ್ತದೆ.

ಇಲ್ಲಿ ಒಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ತೇಲುವ ರಸ್ತೆಯ ಪಾಠಗಳೆಲ್ಲ ಬರೆದಿರುವುದು ಮುಟ್ಟದ ಜೌಗಿಗೆ. ಅಲ್ಲಿ ಮೇಲ್ಗಡೆ ಬೇರುಗಳು ಹೆಣೆದುಕೊಂಡ ಒಂದು ಜೀವಂತ ಹಾಸು ಇರುತ್ತದೆ, ಭಾರದ ಒಂದು ಪಾಲನ್ನು ಅದೇ ಹೊರುತ್ತದೆ. ಪೀಟ್ ಕೆರೆದ ನೆಲದಲ್ಲಿ ಆ ಹಾಸು ಇಲ್ಲವೇ ಇಲ್ಲ. ಜೊತೆಗೆ 15 ಮೀಟರ್‌ಗೊಮ್ಮೆ ಬಸಿಗಾಲುವೆ ರಸ್ತೆಯನ್ನು ದಾಟುತ್ತದೆ. ಕಾಲುವೆ ಮೇಲೆ ಒಂದು ಥರ, ಪಕ್ಕದಲ್ಲಿ ಇನ್ನೊಂದು ಥರ ಕುಸಿದು ರಸ್ತೆ ಅಲೆ ಅಲೆಯಾಗುತ್ತದೆ. ಅದಕ್ಕೆ:

1. ಜಿಯೋಗ್ರಿಡ್ ಬಲವನ್ನು ಹಾಸು ಇಲ್ಲದ ನೆಲಕ್ಕೇ ಲೆಕ್ಕ ಹಾಕಿ.
2. ಕಾಲುವೆಗಳಿಗೆ ಪೈಪ್ ಇಟ್ಟು ಮುಚ್ಚಿದ ಮೇಲೆ ಮಾತ್ರ ರಸ್ತೆ ಹಾಸಿ. ರಸ್ತೆ ಕುಸಿದಾಗ ಪೈಪೂ ಇಳಿಯುತ್ತದೆ, ಹಾಗಾಗಿ ಅದನ್ನು ನಡುವೆ ಸ್ವಲ್ಪ ಎತ್ತರಿಸಿ ಕೂರಿಸಿ.
3. ಜಲ್ಲಿಯನ್ನು ತೆಳು ಪದರಗಳಲ್ಲಿ ಹಾಕಿ, ಪೀಟ್ ಕುಗ್ಗಲು ಸಮಯ ಕೊಡಿ. ಒಂದೇ ವಾರದಲ್ಲಿ ಪೂರ್ತಿ ದಪ್ಪ ಹಾಕುವ ಗುತ್ತಿಗೆದಾರರನ್ನು ತಡೆಯಿರಿ.
4. ಮೊದಲ ಲಾರಿಗಳು ಒಂದರ ಹಿಂದೆ ಒಂದು ಹತ್ತಿರ ಹೋಗದಂತೆ ನೋಡಿಕೊಳ್ಳಿ.

ಎಚ್ಚರಿಕೆಯ ಲಕ್ಷಣ: ರಸ್ತೆ ಬದಿಯಲ್ಲಿ ಪೀಟ್ ಉಬ್ಬುವುದು, ಅಂಚಿಗೆ ಸಮಾನಾಂತರ ಬಿರುಕು, ಕಾಲುವೆ ಬಾಯಿ ಕಿರಿದಾಗುವುದು, ಇದ್ದಕ್ಕಿದ್ದಂತೆ ನೀರು ಕಂದು ಬಣ್ಣಕ್ಕೆ ತಿರುಗುವುದು. ಒಂದು ಕಂಡರೂ ಸಂಚಾರ ನಿಲ್ಲಿಸಿ, ಎಂಜಿನಿಯರ್ ಬರುವವರೆಗೆ ಯಾರನ್ನೂ ಬಿಡಬೇಡಿ. 2020ರ ನವೆಂಬರ್‌ನಲ್ಲಿ ಡೊನೆಗಾಲ್ ಕೌಂಟಿಯ ಮೀನ್‌ಬಾಗ್‌ನಲ್ಲಿ ವಿಂಡ್ ಫಾರ್ಮ್ ಕಟ್ಟುವಾಗ ಪೀಟ್ ಜಾರಿ ಗಡಿಯಾಚೆಯ ನದಿಯವರೆಗೆ ಕೆಸರು ಹರಿದಿತ್ತು.

## ಹಂತ 8: ಪಾಯ

ಪೀಟ್ ಮತ್ತು ಮೆತ್ತನೆ ಜೇಡಿ ಪೂರ್ತಿ ತೆಗೆದು ಗಟ್ಟಿ ಪದರ ಸಿಕ್ಕರೆ ಕಾಂಕ್ರೀಟಿನ ಅಗಲ ಪಾಯ ಸಾಕು. ವ್ಯಾಸ 20 ಮೀಟರ್ ಅಥವಾ ಜಾಸ್ತಿ, ಕಾಂಕ್ರೀಟ್ ನೂರಾರು ಘನ ಮೀಟರ್. ಗಟ್ಟಿ ಪದರ ಆಳದಲ್ಲಿದ್ದರೆ ಪೈಲ್, ಅಂದರೆ ಅಲ್ಲಿಯವರೆಗೆ ಇಳಿಯುವ ಕಂಬಗಳನ್ನು ಹಾಕಬೇಕು.

ಮೊದಲ ಹಂತದ ಆ ನೀರಿನ ಅಂಕಿ ಈಗ ಬೇಕು. 20 ಮೀಟರ್ ವ್ಯಾಸದ ಪಾಯದ ತಳ 314 ಚದರ ಮೀಟರ್. ತಳಕ್ಕಿಂತ 2.5 ಮೀಟರ್ ಮೇಲೆ ನೀರು ನಿಂತರೆ ಅದು ಸುಮಾರು 785 ಟನ್ ಬಲದಿಂದ ಪಾಯವನ್ನು ಮೇಲಕ್ಕೆ ತಳ್ಳುತ್ತದೆ. ಪಂಪ್ ಓಡುವ ಕಾಲದ ಮಟ್ಟ ಹಿಡಿದು ವಿನ್ಯಾಸ ಮಾಡಿದವರು ಈ ಬಲವನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ನೀರು ನೆಲದ ಮಟ್ಟಕ್ಕೆ ಬಂದಿದೆ ಎಂದೇ ವಿನ್ಯಾಸ ಮಾಡಿ.

ಪಾಯದ ಮೇಲೆ ತುಂಬುವ ಮಣ್ಣಿನ ತೂಕವೂ ಟರ್ಬೈನ್ ಉರುಳದಂತೆ ಹಿಡಿಯುತ್ತದೆ. ಅಲ್ಲಿ ಅಗೆದ ಪೀಟನ್ನೇ ವಾಪಸ್ ತುಂಬಿದರೆ ಪ್ರಯೋಜನವಿಲ್ಲ. ನೀರು ಕುಡಿದ ಪೀಟ್ ಹೆಚ್ಚುಕಡಿಮೆ ನೀರಿನಷ್ಟೇ ತೂಕ, ಮುಳುಗಿದ ಮೇಲೆ ಅದರ ಭಾರ ಸೊನ್ನೆಯ ಹತ್ತಿರ. ಜಲ್ಲಿ ಅಥವಾ ಕಲ್ಲುಮಣ್ಣು ತುಂಬಿ. ಪೀಟ್ ನೀರಿನ ಆಮ್ಲೀಯತೆ, ಸಲ್ಫೇಟ್ ಪರೀಕ್ಷೆ ಮಾಡಿಸಿ ಅದಕ್ಕೆ ತಕ್ಕ ಸಿಮೆಂಟ್ ಆರಿಸಿ.

## ಹಂತ 9: ಅಗೆದ ಪೀಟ್ ಮತ್ತು ಕೆಸರು ನೀರು

ಅಗೆದ ಪ್ರತಿ ಘನ ಮೀಟರ್ ಎಲ್ಲಿಗೆ ಹೋಗುತ್ತದೆ ಎಂಬ ಪಟ್ಟಿ ಅಗೆಯುವ ಮೊದಲೇ ಇರಬೇಕು. ಪೀಟನ್ನು ಎತ್ತರದ ರಾಶಿ ಹಾಕಬೇಡಿ, ಕಾಲುವೆ ದಡದಲ್ಲಿ ಸುರಿಯಬೇಡಿ. ತಗ್ಗುಗಳಲ್ಲಿ ಒಂದು ಮೀಟರ್ ಒಳಗೆ ಹರಡಿ, ಬೇಗ ಒದ್ದೆ ಮಾಡಿ. ಒಮ್ಮೆ ಪೂರ್ತಿ ಒಣಗಿದ ಪೀಟ್ ಮತ್ತೆ ನೀರು ಹೀರುವುದಿಲ್ಲ, ಗಾಳಿಗೆ ಪುಡಿಯಾಗಿ ಹಾರುತ್ತದೆ, ಬೆಂಕಿ ಹಿಡಿದರೆ ನೆಲದೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. ಬೇಸಿಗೆಯಲ್ಲಿ ವೆಲ್ಡಿಂಗ್ ಮಾಡುವ ಕಡೆ ನೀರಿನ ಟ್ಯಾಂಕರ್ ನಿಂತಿರಲಿ.

ಹಳೆಯ ಹೂಳು ಹೊಂಡಗಳನ್ನು ಮೊದಲು ಹೂಳೆತ್ತಿಸಿ, ಆಮೇಲೆ ಅಗೆತ ಶುರುಮಾಡಿ. ಪೀಟ್ ಜಾಗಗಳ ಪರವಾನಗಿಯಲ್ಲಿ ಹೊರಹೋಗುವ ನೀರಿನಲ್ಲಿ ಲೀಟರ್‌ಗೆ 35 ಮಿಲಿಗ್ರಾಂ ತೇಲು ಕಣದ ಮಿತಿ ಸಾಮಾನ್ಯ. ಜೋರು ಮಳೆಯ ದಿನ ಅಗೆತ ನಿಲ್ಲಿಸುವ ಅಧಿಕಾರ ಒಬ್ಬರ ಕೈಯಲ್ಲಿರಲಿ, ಆ ವ್ಯಕ್ತಿ ಗುತ್ತಿಗೆದಾರರ ಕಡೆಯವರಾಗಿರಬಾರದು. ಕಾಂಕ್ರೀಟ್ ಲಾರಿ ತೊಳೆದ ನೀರು ಕಾಲುವೆಗೆ ಹೋಗಲೇಬಾರದು, ಮೀನಿಗೆ ಅದು ವಿಷ.

ಕೇಬಲ್ ಹೂಳುವ ಕಂದಕವೂ ಒಂದು ಬಸಿಗಾಲುವೆಯೇ ಆಗಿಬಿಡುತ್ತದೆ. ಅಲ್ಲಲ್ಲಿ ಜೇಡಿಮಣ್ಣಿನ ತಡೆ ಹಾಕದಿದ್ದರೆ ಸುತ್ತಲಿನ ನೀರೆಲ್ಲ ಅದರಲ್ಲಿ ಓಡುತ್ತದೆ.

## ಹಂತ 10: ನೀರನ್ನು ವಾಪಸ್ ತರುವುದು

ಒಣಗಿದ ಪೀಟ್ ಗಾಳಿಗೆ ತೆರೆದುಕೊಂಡಷ್ಟು ಕಾಲ ಇಂಗಾಲ ಬಿಡುತ್ತಲೇ ಇರುತ್ತದೆ. ಮೇಲೆ ಟರ್ಬೈನ್ ತಿರುಗುತ್ತಾ, ಕೆಳಗೆ ನೆಲ ಹೊಗೆ ಬಿಡುತ್ತಿದ್ದರೆ ಏನು ಮಾಡಿದ ಹಾಗಾಯಿತು? ಐರ್ಲೆಂಡ್ ಸರ್ಕಾರದ ನೆರವಿನಿಂದ ಸುಮಾರು 33,000 ಹೆಕ್ಟೇರ್ ಪೀಟ್ ನೆಲಕ್ಕೆ ನೀರು ತುಂಬಿಸುವ ಕೆಲಸ 2020ರ ಕೊನೆಗೆ ಘೋಷಣೆಯಾಯಿತು. ನಿಮ್ಮ ಜಾಗವೂ ಅದೇ ದಾರಿಯಲ್ಲಿ ಹೋಗಬೇಕು.

ರಸ್ತೆ ಮತ್ತು ಪಾಯ ಮುಗಿದ ಮೇಲೆ ಬಸಿಗಾಲುವೆಗಳಿಗೆ ಪೀಟ್‌ನಿಂದಲೇ ತಡೆ ಕಟ್ಟಿ, ಒಂದೊಂದು ಭಾಗವಾಗಿ ನೀರು ನಿಲ್ಲಿಸಿ. ಗುರಿ ನೀರು ನೆಲದ ಮಟ್ಟದಿಂದ ಸುಮಾರು 10 ಸೆಂಟಿಮೀಟರ್ ಒಳಗಿರುವುದು. ರಸ್ತೆಗಳು ಅಡ್ಡಗಟ್ಟೆಯ ಹಾಗೆ ನೀರನ್ನು ಒಂದೇ ಕಡೆ ತಡೆಯದಂತೆ ಪೈಪ್‌ಗಳು ತೆರೆದಿರಬೇಕು. ಪಂಪ್‌ಗಳನ್ನು ಒಂದೇ ಸಲ ನಿಲ್ಲಿಸಬೇಡಿ. ಒಂದನ್ನು ನಿಲ್ಲಿಸಿ, ಪೀಜೋಮೀಟರ್ ಅಂಕಿ ಸ್ಥಿರವಾದ ಮೇಲೆ ಮುಂದಿನದು. ಮೊದಲ ಚಳಿಗಾಲದಲ್ಲಿ ಪ್ರತಿ ಪಾಯದ ಮಟ್ಟ, ರಸ್ತೆಯ ಕುಸಿತ, ಕೇಬಲ್ ಜೋಡಣೆ ಗುಂಡಿಗಳ ನೀರು, ಪಕ್ಕದ ರೈತರ ಹೊಲದ ಕಾಲುವೆ ಇವನ್ನು ತಿಂಗಳಿಗೊಮ್ಮೆ ಅಳೆಯಿರಿ. ಪಕ್ಕದ ಹೊಲದಲ್ಲಿ ನೀರು ಏರಿದ್ದು ಕಂಡರೆ ಆ ಭಾಗದ ತಡೆಯನ್ನು ಅದೇ ವಾರ ಒಂದು ಹಂತ ಇಳಿಸಿ, ರೈತರಿಗೆ ನೀವೇ ಹೋಗಿ ತಿಳಿಸಿ.